ಅಪ್‌ಡೇಟ್: ಅಮ್ಮನಿಗೆ ಆರೈಕೆ ಕೇಂದ್ರ ಬೇಕೇ?

ಒಂಟಿಯಾಗಿರುವ, ಮರೆವು ಹೆಚ್ಚುತ್ತಿರುವ ಅಮ್ಮನನ್ನು ಆರೈಕೆ ಕೇಂದ್ರಕ್ಕೆ ಸೇರಿಸುವ ಹೊತ್ತು ಬಂದಿದೆಯೇ ಎಂದು ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಧನ್ಯವಾದ. ಇಲ್ಲಿಯವರೆಗೆ ತಿಳಿದದ್ದು ಇಷ್ಟು.

ಮೊದಲು ಡಾಕ್ಟರು. ಗೊಂದಲ ಕೆಲವೇ ದಿನಗಳಲ್ಲಿ ಏಕಾಏಕಿ ಶುರುವಾಗಿದ್ದರೆ ಅದು ಮೂತ್ರದ ಸೋಂಕು, ಸೋಡಿಯಂ ಇಳಿಕೆ ಅಥವಾ ಹೊಸ ನಿದ್ರೆ ಮಾತ್ರೆಯಿಂದಲೂ ಇರಬಹುದು. ಬಿ12, ಥೈರಾಯ್ಡ್ ಕೂಡ ನೋಡಿಸಬೇಕು. ಸರಿಹೋಗುವ ಕಾಯಿಲೆಗೆ ಮನೆ ಬಿಡಿಸುವುದು ಅನ್ಯಾಯ.

ಆಮೇಲೆ ಈ ಆರು ಕೆಲಸಗಳಲ್ಲಿ ಯಾವುದಕ್ಕೆ ಅಮ್ಮನಿಗೆ ಇನ್ನೊಬ್ಬರ ನೆರವು ಬೇಕು ಎಂದು ನೋಡಬೇಕು: ಸ್ನಾನ, ಬಟ್ಟೆ, ಶೌಚಾಲಯ, ಹಾಸಿಗೆಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ. ಸಾಮಾನ್ಯವಾಗಿ ಮೊದಲು ಕೈಕೊಡುವುದು ಸ್ನಾನ. ಅದೊಂದಕ್ಕಾದರೆ ಬೆಳಗಿನ ಸಹಾಯಕಿ ಸಾಕು. ರಾತ್ರಿ ಶೌಚಕ್ಕೆ ಏಳಲು ಆಸರೆ ಬೇಕೆಂದರೆ ಲೆಕ್ಕವೇ ಬೇರೆ, ಆಗ 24 ಗಂಟೆಯೂ ಜನ ಬೇಕು.

ಫೋನಿನಲ್ಲಿ "ಚೆನ್ನಾಗಿದೀನಿ" ಅನ್ನುವುದನ್ನು ನಂಬಬೇಡಿ. ಮಾತ್ರೆ ಸ್ಟ್ರಿಪ್ ಎಣಿಸಿ: ದಿನಕ್ಕೊಂದು ಮಾತ್ರೆಯಾದರೆ ತಿಂಗಳ ಮಧ್ಯದಲ್ಲಿ 30ರಲ್ಲಿ 24 ಉಳಿದಿದ್ದರೂ ತಪ್ಪು, ಎರಡೇ ಉಳಿದಿದ್ದರೂ ತಪ್ಪು. ಫ್ರಿಜ್‌ನಲ್ಲಿ ಹುಳಿಬಂದ ಸಾರು, ತಳ ಸುಟ್ಟ ಹಾಲಿನ ಪಾತ್ರೆ, ತೂಕ ಇಳಿದು ಸಡಿಲವಾದ ಬಳೆ ಇವೆಯೇ ನೋಡಿ. ಕುರ್ಚಿಯಿಂದ ಎದ್ದು 3 ಮೀಟರ್ ನಡೆದು ತಿರುಗಿ ಬಂದು ಕೂರಲು 12 ಸೆಕೆಂಡ್ ಅಥವಾ ಹೆಚ್ಚು ಬೇಕಾದರೆ ಬೀಳುವ ಅಪಾಯವಿದೆ.

ಗ್ಯಾಸ್ ಆರಿಸದೆ ಬಿಡುವುದು, ದಾರಿ ತಪ್ಪುವುದು, ನೋಡಿಕೊಳ್ಳುವವರಿಗೇ ನಿದ್ದೆಯಿಲ್ಲದಿರುವುದು: ಇವು ಬಂದ ಮೇಲೆ ಮುಂದೂಡುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು: ಎಷ್ಟೋ ವೃದ್ಧಾಶ್ರಮಗಳು ಓಡಾಡಿಕೊಂಡಿರುವವರನ್ನು ಮಾತ್ರ ಸೇರಿಸಿಕೊಳ್ಳುತ್ತವೆ. ಹಾಸಿಗೆ ಹಿಡಿದರೆ ಏನು, ರಾತ್ರಿ ನರ್ಸ್ ಇರುತ್ತಾರೆಯೇ ಎಂದು ಬರಹದಲ್ಲೇ ಕೇಳಿ. ಮಾಹಿತಿಗೆ ಹಿರಿಯರ ಸಹಾಯವಾಣಿ 14567 ಇದೆ.