ಮದ್ದು ಸೊಪ್ಪನ್ನು ಗುರುತಿಸುವುದು, ಬೆಳೆಸುವುದು: ಸಸ್ಯಶಾಸ್ತ್ರಜ್ಞರಿಗೆ ಪ್ರಶ್ನೆಗಳು

ಪ್ರಶ್ನೆ (ಸೋಮವಾರಪೇಟೆ ಕಡೆಯ ಬೆಳೆಗಾರರು): ನಮಸ್ಕಾರ ಮೇಡಂ. ಈ ಭಾಗದಲ್ಲಿ ತೋಟ ಕೊಂಡು ನಾವು ಹೊಸದಾಗಿ ಬಂದಿದ್ದೇವೆ. ಮದ್ದು ಸೊಪ್ಪಿನ ಪಾಯಸ ಮಾಡುವ ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಹತ್ತಿರವಾಗುತ್ತಿದೆ. ತೋಟದ ಕೆಳಗಿನ ತೋಡಿನ ಬದಿಯಲ್ಲಿರುವ ಗಿಡವನ್ನು ಕೆಲಸದವರಲ್ಲಿ ಒಬ್ಬರು ಮದ್ದು ಸೊಪ್ಪು ಎನ್ನುತ್ತಾರೆ, ಇನ್ನೊಬ್ಬರು ಅಲ್ಲ ಎನ್ನುತ್ತಾರೆ. ಖಚಿತವಾಗಿ ತಿಳಿಯುವುದು ಹೇಗೆ?

ಉತ್ತರ: ನಮಸ್ಕಾರ. ಕೊಡವರು ಮದ್ದು ತೊಪ್ಪು ಎಂದೂ ಅರೆಭಾಷೆಯವರು ಆಟಿ ಸೊಪ್ಪು ಎಂದೂ ಕರೆಯುವ ಈ ಗಿಡದ ಸಸ್ಯಶಾಸ್ತ್ರೀಯ ಹೆಸರು ಜಸ್ಟೀಸಿಯ ವೈನಾಡೆನ್ಸಿಸ್. ಕೆಮ್ಮಿನ ಕಷಾಯಕ್ಕೆ ಬಳಸುವ ಆಡುಸೋಗೆಯೂ ಇದೇ ಕುಲಕ್ಕೆ ಸೇರಿದೆ. ದಕ್ಷಿಣದ ಪಶ್ಚಿಮ ಘಟ್ಟವನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಇದು ಕಾಡುಗಿಡವಾಗಿ ಬೆಳೆಯುವುದಿಲ್ಲ. ಆದ್ದರಿಂದ ನಿಮ್ಮ ತೋಡಿನ ಬದಿಯಲ್ಲಿರುವುದು ಅದೇ ಆಗಿದ್ದರೆ ಅದನ್ನು ಕಳೆಯೆಂದು ಕಡಿಸಬೇಡಿ.

ಮೊದಲು ಕಾಂಡವನ್ನು ನೋಡಿ. ಎಲೆಗಳು ಎದುರುಬದುರಾಗಿ ಜೋಡಿಯಾಗಿರುತ್ತವೆ, ಪ್ರತಿ ಜೋಡಿ ಹುಟ್ಟುವ ಗೆಣ್ಣು ಉಬ್ಬಿಕೊಂಡಿರುತ್ತದೆ. ಹೂವಿದ್ದರೆ ಅದು ಮೇಲೊಂದು, ಕೆಳಗೊಂದು ತುಟಿಯಂತೆ ಬಿರಿದು, ಒಳಗೆ ಎರಡೇ ಕೇಸರಗಳಿರುತ್ತವೆ. ಒಣಗಿದ ಕಾಯಿ ಸಿಕ್ಕರೆ ಬಿಡಿಸಿ ನೋಡಿ. ಬೀಜಗಳ ಕೆಳಗೆ ಸಣ್ಣ ಕೊಕ್ಕೆಗಳು ಕಾಣುತ್ತವೆ. ಕಾಯಿ ಸಿಡಿಯುವಾಗ ಬೀಜವನ್ನು ಆಚೆ ಚಿಮ್ಮಿಸುವುದು ಇವೇ.

ಆದರೆ ಇಷ್ಟರಿಂದಲೇ ತೀರ್ಮಾನಕ್ಕೆ ಬರಬಾರದು, ಏಕೆಂದರೆ ಇದೇ ಕುಟುಂಬದ ಕುರಿಂಜಿ ಜಾತಿಯ ಹಲವು ಗಿಡಗಳು ಅದೇ ನೆರಳಿನಲ್ಲಿ, ಅದೇ ಬಗೆಯ ಜೋಡಿ ಎಲೆಗಳೊಂದಿಗೆ ಬೆಳೆಯುತ್ತವೆ. ಒಂದು ಹಿಡಿ ಎಲೆಯನ್ನೂ ಎಳೆಯ ಕಾಂಡವನ್ನೂ ತೊಳೆದು ನೀರಿನಲ್ಲಿ ಕುದಿಸಿ. ಮದ್ದು ಸೊಪ್ಪಾಗಿದ್ದರೆ ನೀರು ಕಡು ನೇರಳೆ ಬಣ್ಣಕ್ಕೆ ತಿರುಗಿ, ಕಕ್ಕಡದಲ್ಲಿ ಇಡೀ ಅಡುಗೆಮನೆಗೆ ಹರಡುವ ಆ ಗಾಢ ಪರಿಮಳ ಏಳುತ್ತದೆ. ಬಣ್ಣ ಬಂದ ಮೇಲೂ, ಬಾಯಿಗಿಡುವ ಮೊದಲು, ವರ್ಷವರ್ಷವೂ ಅದನ್ನು ಬೇಯಿಸುವ ನೆರೆಮನೆಯ ಹಿರಿಯರೊಬ್ಬರಿಗೆ ಗಿಡವನ್ನೇ ತೋರಿಸಿ. ಮೊಬೈಲಿನ ಫೋಟೋ ನೋಡಿ ಯಾರೇ ಹೌದೆಂದರೂ, ನಾನೇ ಹೌದೆಂದರೂ, ಅದು ಸಾಲದು.

ಪ್ರಶ್ನೆ (ಮಡಿಕೇರಿಯ ಗೃಹಿಣಿ): ಆ ದಿನ ಹದಿನೆಂಟು ಬಗೆಯ ಔಷಧ ಸೊಪ್ಪಿನಲ್ಲಿ ಸೇರುತ್ತದೆ ಎಂದು ಅತ್ತೆ ಹೇಳುತ್ತಾರೆ. ಇದಕ್ಕೆ ಆಧಾರವಿದೆಯೇ? ಪಾಯಸ ತಿಂದ ಮರುದಿನ ಮೂತ್ರ ಕೆಂಪಾಗುವುದನ್ನು ಕಂಡು ಮಕ್ಕಳು ಹೆದರುತ್ತಾರೆ.

ಉತ್ತರ: ಹದಿನೆಂಟು ಎಂಬುದು ನಂಬಿಕೆಯ ಲೆಕ್ಕ, ಪ್ರಯೋಗಾಲಯದಲ್ಲಿ ಎಣಿಸಿದ್ದಲ್ಲ. ಎಲೆಯಲ್ಲಿ ಫೀನಾಲಿಕ್ ಮತ್ತು ಫ್ಲೇವನಾಯ್ಡ್ ವರ್ಗದ ಉತ್ಕರ್ಷಣ ನಿರೋಧಕಗಳಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ, ಆದರೆ ಅದರಿಂದ ಯಾವುದೋ ಕಾಯಿಲೆ ವಾಸಿಯಾಗುತ್ತದೆಂದು ಹೇಳಲಾಗದು. ಆದರೂ, ಆಗಸ್ಟ್ 3ರ ಸುಮಾರಿಗೆ, ಜಡಿಮಳೆಯಲ್ಲಿ ಗದ್ದೆಗಿಳಿದು ದುಡಿಯುವ ಜನ ಅಕ್ಕಿ, ಬೆಲ್ಲ, ತೆಂಗಿನ ಹಾಲಿನೊಂದಿಗೆ ಇದನ್ನು ಬೇಯಿಸಿ ತಲೆಮಾರುಗಳಿಂದ ಉಣ್ಣುತ್ತಾ ಬಂದಿದ್ದಾರೆಂಬುದನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಿಮ್ಮ ಅತ್ತೆಯವರು ಮಾಡುವ ಕ್ರಮವನ್ನು ಬರೆದಿಟ್ಟುಕೊಳ್ಳಿ.

ಮೂತ್ರ ಕೆಂಪಾಗುವುದು ಸೊಪ್ಪಿನ ಬಣ್ಣದಿಂದ, ಭಯಪಡಬೇಕಾಗಿಲ್ಲ. ಎರಡು ದಿನ ಕಳೆದರೂ ಬಣ್ಣ ಉಳಿದರೆ ವೈದ್ಯರಲ್ಲಿಗೆ ಹೋಗಿ. ಗರ್ಭಿಣಿಯರು ಮತ್ತು ನಿತ್ಯ ಔಷಧ ಸೇವಿಸುವವರು ಮೊದಲೇ ವೈದ್ಯರನ್ನು ಕೇಳುವುದು ಒಳ್ಳೆಯದು.

ಪ್ರಶ್ನೆ (ವಿರಾಜಪೇಟೆಯ ಓದುಗರು): ತೆರ್ಮೆ ತೊಪ್ಪನ್ನೂ ಹೀಗೆಯೇ ಕೊಯ್ಯಬಹುದೇ?

ಉತ್ತರ: ತೆರ್ಮೆ ತೊಪ್ಪು ಎಂದರೆ ತೋಡಿನ ಅಂಚಿನ ತೇವದಲ್ಲಿ ಬೆಳೆಯುವ ಡಿಪ್ಲೇಜಿಯಂ ಜರಿಗಿಡದ ಸುರುಳಿ ಚಿಗುರು, ಅದನ್ನು ಬೇಯಿಸಿ ತಿನ್ನಬಹುದು. ಬಯಲು ಗುಡ್ಡದ ಬಿಸಿಲಿನಲ್ಲಿ ಹಬ್ಬುವ ಬ್ರಾಕನ್ ಜರಿಯನ್ನು ಮಾತ್ರ ಮುಟ್ಟಬೇಡಿ. ಅದರಲ್ಲಿ ಕ್ಯಾನ್ಸರ್‌ಕಾರಕ ವಿಷವಿದೆ. ಬಲಿತ ಎಲೆಯ ಹಿಂಬದಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ: ಡಿಪ್ಲೇಜಿಯಂನಲ್ಲಿ ಬೀಜಕಗಳ ಗೆರೆಗಳು ನರಗಳ ಗುಂಟ ಇರುತ್ತವೆ, ಬ್ರಾಕನ್‌ನಲ್ಲಿ ಮಡಚಿದ ಅಂಚಿನೊಳಗೆ ಅಡಗಿರುತ್ತವೆ.

ಪ್ರಶ್ನೆ (ಮೊದಲ ಬೆಳೆಗಾರರು): ಹಿರಿಯರೊಬ್ಬರು ಬಂದು ನೋಡಿದರು, ಮದ್ದು ಸೊಪ್ಪೇ ಎಂದರು. ಪೇಟೆಯಲ್ಲಿರುವ ನೆಂಟರೂ ಕೇಳುತ್ತಿದ್ದಾರೆ. ಪಕ್ಕದ ಕಾಡಿನಿಂದ ಇನ್ನಷ್ಟು ತರಬಹುದೇ, ಅಥವಾ ತೋಟದಲ್ಲೇ ಹೆಚ್ಚಿಸಬಹುದೇ?

ಉತ್ತರ: ಕಾಡಿನಿಂದ ತರಬೇಡಿ. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ಅಭಯಾರಣ್ಯಗಳಲ್ಲಿ ಗಿಡ ಕೀಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ದೇವರಕಾಡಿನಲ್ಲಂತೂ ನಮ್ಮ ಹಿರಿಯರು ಕತ್ತಿ ಆಡಿಸಬಾರದೆಂದೇ ಕಟ್ಟು ಮಾಡಿದ್ದರು. ಕಕ್ಕಡದ ಹಿಂದಿನ ದಿನಗಳಲ್ಲಿ ಗಿಡವನ್ನು ಬೇರುಸಹಿತ ಕಿತ್ತು, ಹೊರೆ ಕಟ್ಟಿ ಸಂತೆಗೆ ತರುವುದನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಬುಡದ ಎರಡು ಮೂರು ಗೆಣ್ಣುಗಳನ್ನು ಬಿಟ್ಟು ಮೇಲಿನಿಂದ ಕೊಯ್ದರೆ ಅದೇ ಗಿಡ ಮತ್ತೆ ಚಿಗುರುತ್ತದೆ.

ಹೆಚ್ಚಿಸುವುದಕ್ಕೆ ಇದೇ ಮಳೆ ಸಾಕು. ಮೂರು ಗೆಣ್ಣುಗಳಿರುವ ಬಲಿತ ಕಾಂಡದ ತುಂಡುಗಳನ್ನು, ಕನಿಷ್ಠ ಒಂದು ಗೆಣ್ಣು ಮಣ್ಣೊಳಗಿರುವಂತೆ, ನೀರು ನಿಲ್ಲದ ಜಾಗದಲ್ಲಿ ನೆಡಿ. ನೆರಳು ಮುಖ್ಯ: ಇದು ನಿತ್ಯಹರಿದ್ವರ್ಣ ಕಾಡಿನ ಮರಗಳಡಿಯ ಗಿಡ. ಅತ್ತಿ, ಹಲಸು, ನಂದಿಯಂಥ ಮರಗಳನ್ನು ಉಳಿಸಿಕೊಂಡ ಕಾಫಿ ತೋಟದಲ್ಲಿ ತಾನಾಗಿ ಬಾಳುವ ಈ ಗಿಡ, ಬರೀ ಸಿಲ್ವರ್ ಓಕ್ ನೆಟ್ಟು ಬಿಸಿಲು ಬಿಟ್ಟ ತೋಟದಲ್ಲಿ ಸೊರಗುತ್ತದೆ. ಕಳೆನಾಶಕ ಸಿಂಪಡಿಸುವವರಿಗೆ ತೋಡಿನ ಎರಡೂ ದಡಗಳನ್ನು ಬಿಡುವಂತೆ ಮೊದಲೇ ಹೇಳಿಡಿ, ಗಿಡವಿರುವಲ್ಲಿ ಕೋಲು ನೆಟ್ಟು ಬಟ್ಟೆ ಕಟ್ಟಿ ಗುರುತು ಮಾಡಿ. ನೆಂಟರಿಗೆ ಸೊಪ್ಪಿನ ಕಟ್ಟಿನ ಜೊತೆಗೆ ನೆಡಲು ನಾಲ್ಕು ತುಂಡು ಕಾಂಡವನ್ನೂ ಕಳುಹಿಸಿಕೊಡಿ.