ಎದುರಾಳಿಗೆ ನೆರವಾಗಿ ನಮ್ಮ ಸ್ಪರ್ಧಿಗೇ ನಷ್ಟವಾದರೆ, ಸಹಾಯಕ ತಂಡದ ಹೊಣೆ ಏನು?

ಪ್ರಶ್ನೆ: ಕಾರಿನಲ್ಲಿದ್ದವಳು

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕ ಕೆಲವು ವರ್ಷಗಳಿಂದ ದೀರ್ಘ ದೂರದ ಟ್ರಯಥ್ಲಾನ್ ಸ್ಪರ್ಧೆಗಳಲ್ಲಿ ಭಾಗವಹಿಸುತ್ತಿದ್ದಾಳೆ. 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, ಅದರ ಬೆನ್ನಿಗೇ 42.2 ಕಿಲೋಮೀಟರ್ ಓಟ. ಕಳೆದ ವರ್ಷ ಅವಳು ಆರಿಸಿಕೊಂಡ ಸ್ಪರ್ಧೆಯಲ್ಲಿ ಆಯೋಜಕರು ದಾರಿಯಲ್ಲಿ ನೀರನ್ನಾಗಲಿ ಆಹಾರವನ್ನಾಗಲಿ ಒದಗಿಸುವುದಿಲ್ಲ. ಪ್ರತಿಯೊಬ್ಬ ಸ್ಪರ್ಧಿಯೂ ತನ್ನದೇ ಸಹಾಯಕ ತಂಡವನ್ನೂ ವಾಹನವನ್ನೂ ಕರೆತರಬೇಕು. ಭಾವ ಕಾರು ಓಡಿಸಿದರು. ಬಾಟಲಿ, ಆಹಾರ, ಬಟ್ಟೆ, ಸೈಕಲ್‌ನ ಬಿಡಿಭಾಗಗಳ ಹೊಣೆ ನನ್ನದಾಗಿತ್ತು.

ಸೈಕಲ್ ಹಾದಿಯ ಸುಮಾರು 110ನೆಯ ಕಿಲೋಮೀಟರಿನಲ್ಲಿ, ಅಕ್ಕ ದಾಟಿ ಹೋಗಿ ಸ್ವಲ್ಪ ಹೊತ್ತಾದ ಮೇಲೆ, ಅವಳದೇ ವಯೋಗುಂಪಿನ ಇನ್ನೊಬ್ಬ ಸ್ಪರ್ಧಿ ರಸ್ತೆಯ ಅಂಚಿನಲ್ಲಿ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿಕೊಂಡು ನಿಂತಿದ್ದರು. ಅವರಿಗದು ಎರಡನೆಯ ಪಂಕ್ಚರ್. ಅವರ ಕಾರು ಮುಂದೆ ಹೋಗಿಬಿಟ್ಟಿತ್ತು, ಫೋನಿಗೆ ಸಿಗ್ನಲ್ ಇರಲಿಲ್ಲ, ಟ್ಯೂಬ್ ಮುಗಿದಿತ್ತು. ನಾನೇ ಕಾರು ನಿಲ್ಲಿಸಲು ಹೇಳಿದೆ. ನಮ್ಮ ಟ್ಯೂಬ್ ಕೊಟ್ಟೆ. ಅವರ ಕೈ ನಡುಗುತ್ತಿದ್ದುದನ್ನು ಕಂಡು ಟೈರ್ ಬಿಚ್ಚಿ ಮುಳ್ಳು ಹುಡುಕಿ, ಟ್ಯೂಬ್ ಹಾಕಿ ಗಾಳಿ ತುಂಬುವುದನ್ನೂ ನಾನೇ ಮಾಡಿದೆ. ಹೆಚ್ಚುಕಡಿಮೆ ಅರ್ಧ ಗಂಟೆ ಹಿಡಿಯಿತು. ಅಲ್ಲಿಂದ ಎಂಟು ಕಿಲೋಮೀಟರ್ ಮುಂದೆ ಅಕ್ಕನಿಗೆ ಬಾಟಲಿ ಕೊಡುತ್ತೇವೆಂದು ಮಾತಾಗಿತ್ತು. ಅವಳು ಅಲ್ಲಿಗೆ ಬಂದಾಗ ನಾವಿರಲಿಲ್ಲ. ಮೂರು ನಿಮಿಷ ಕಾದು, ಖಾಲಿ ಬಾಟಲಿಗಳೊಂದಿಗೆ ಮುಂದುವರಿದಳು. ಬಹಳ ದೂರದ ಮೇಲೆ ಬೇರೊಬ್ಬ ಸ್ಪರ್ಧಿಯ ತಂಡದವರು ಅವಳ ಮುಖ ನೋಡಿಯೇ ಅರ್ಥಮಾಡಿಕೊಂಡು ಎರಡು ಬಾಟಲಿ ಮತ್ತು ಉಪ್ಪಿನ ಮಾತ್ರೆ ಕೊಟ್ಟರಂತೆ. ಆದರೂ ಓಟದಲ್ಲಿ ಅವಳ ಕಾಲು ಮತ್ತೆ ಮತ್ತೆ ಸೆಟೆದುಕೊಂಡಿತು. ನಾನು ಟ್ಯೂಬ್ ಹಾಕಿಕೊಟ್ಟವರು ಅವಳಿಗಿಂತ ಆರು ನಿಮಿಷ ಮೊದಲು ಮುಗಿಸಿ ಗುಂಪಿನಲ್ಲಿ ಮೂರನೆಯವರಾದರು, ಅಕ್ಕ ನಾಲ್ಕನೆಯವಳು.

ಇಂಥ ನೆರವಿಗೆ ಆ ಸ್ಪರ್ಧೆಯ ನಿಯಮಗಳಲ್ಲಿ ಅಡ್ಡಿ ಇರಲಿಲ್ಲ, ಅದನ್ನು ಅಧಿಕಾರಿಗಳಿಂದಲೇ ಕೇಳಿ ತಿಳಿದುಕೊಂಡಿದ್ದೇವೆ. ಅಕ್ಕನಿಗೆ ಬೇಸರವಿಲ್ಲ. ಭಾವನವರಿಗೆ ಮಾತ್ರ ಇಂದಿಗೂ ಆ ನೋವು ಹೋಗಿಲ್ಲ. ಈ ವರ್ಷ ಮತ್ತೆ ಅದೇ ಸ್ಪರ್ಧೆಗೆ ಹೊರಟಿದ್ದೇವೆ. ರಸ್ತೆಯಲ್ಲಿ ಯಾರಾದರೂ ನಿಂತಿದ್ದರೆ ನಾನು ಏನು ಮಾಡಬೇಕು, ಎಷ್ಟರವರೆಗೆ ಮಾಡಬೇಕು ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ: ನಿಧಾನ ಓಟಗಾರ

ನಿಮ್ಮ ಬರಹ ಓದಿ ಮನಸ್ಸು ಭಾರವಾಯಿತು. ನಾನು ಇಂಥ ಸ್ಪರ್ಧೆಗಳನ್ನು ಏಳು ಬಾರಿ ಮುಗಿಸಿದ್ದೇನೆ; ನಿಮ್ಮಂಥವರಿಂದ ಟ್ಯೂಬ್ ಪಡೆದವನೂ ಹೌದು, ಖಾಲಿ ಬಾಟಲಿಯೊಂದಿಗೆ ತಿರುವಿನಲ್ಲಿ ನಿಂತು ಕಾರಿಗಾಗಿ ಕಾದವನೂ ಹೌದು.

ನೀವು ಅಂದು ಮಾಡಿದ್ದು ಒಂದಲ್ಲ, ಎರಡು ಕೆಲಸ ಎಂದು ನನಗನ್ನಿಸುತ್ತದೆ. ಟ್ಯೂಬ್ ಕೊಟ್ಟದ್ದು ಒಂದು, ಅರ್ಧ ಗಂಟೆ ಅಲ್ಲಿಯೇ ಉಳಿದದ್ದು ಇನ್ನೊಂದು. ಮೊದಲನೆಯದಕ್ಕೆ ಒಂದೇ ನಿಮಿಷ ಸಾಕಾಗಿತ್ತು, ಮತ್ತು ಅದನ್ನು ಯಾರೂ ತಪ್ಪೆನ್ನಲಾರರು. ಆದರೆ ಟೈರ್ ಬಿಚ್ಚಿ ಹಾಕುವುದು ಸೈಕಲ್ ಏರಿದ ಪ್ರತಿಯೊಬ್ಬರೂ ಕಲಿತು ಬರಬೇಕಾದ ಕೆಲಸ. ಕೈ ನಡುಗುತ್ತಿದ್ದರೂ ಅವರೇ ನಿಧಾನವಾಗಿ ಮಾಡಿಕೊಳ್ಳುತ್ತಿದ್ದರು. ಟ್ಯೂಬ್ ಮತ್ತು ಪಂಪ್ ಅವರ ಕೈಗಿತ್ತು, ಪಂಪನ್ನು ಸಂಜೆ ಹಿಂದಿರುಗಿಸಿ ಎಂದು ಹೇಳಿ ನೀವು ಹೊರಟಿದ್ದರೆ ಅಕ್ಕನಿಗೆ ನೀರು ತಪ್ಪುತ್ತಿರಲಿಲ್ಲ.

ಸಹಾಯಕರ ಒಂದು ಲೋಪ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಈ ದೂರದ ಮೊಟ್ಟಮೊದಲ ಸ್ಪರ್ಧೆಯೇ ಸಾಕ್ಷಿ. 1978ರ ಫೆಬ್ರವರಿಯಲ್ಲಿ ಹವಾಯಿಯ ಒಆಹು ದ್ವೀಪದಲ್ಲಿ 15 ಮಂದಿ ಹೊರಟು 12 ಮಂದಿ ಮುಗಿಸಿದ ಆ ಸ್ಪರ್ಧೆಯಲ್ಲಿಯೂ ಪ್ರತಿಯೊಬ್ಬರೂ ತಮ್ಮ ಸಹಾಯಕರನ್ನು ತಾವೇ ಕರೆತಂದಿದ್ದರು. ಓಟ ಆರಂಭವಾದಾಗ ಮುಂದಿದ್ದವರು ಜಾನ್ ಡನ್‌ಬಾರ್. ಅವರ ತಂಡದ ಬಳಿ ನೀರು ಮುಗಿದುಹೋಗಿ, ಬಿಯರ್ ಕೊಡಬೇಕಾಯಿತು. ಗಾರ್ಡನ್ ಹಾಲರ್ ಅವರನ್ನು ಹಿಂದೆ ಹಾಕಿ 11 ಗಂಟೆ 46 ನಿಮಿಷಗಳಲ್ಲಿ ಗೆದ್ದರು. ಆ ತಂಡದವರಿಗೆ ಡನ್‌ಬಾರ್ ಮೇಲೆ ಪ್ರೀತಿ ಕಡಿಮೆಯಿತ್ತೆಂದು ಯಾರು ಹೇಳಿಯಾರು? ಬೇಕಾದ ಹೊತ್ತಿನಲ್ಲಿ ನೀರು ಇರಲಿಲ್ಲ, ಅಷ್ಟೇ. ನಿಮ್ಮ ವಿಷಯದಲ್ಲಿಯೂ ನಡೆದದ್ದು ಅದೇ. ಆದ್ದರಿಂದ ಟ್ಯೂಬ್ ಕೊಟ್ಟದ್ದಕ್ಕಾಗಿ ದಯವಿಟ್ಟು ಪಶ್ಚಾತ್ತಾಪಪಡಬೇಡಿ.

ಉತ್ತರ: ಪೆಡಲ್

ಮೇಲಿನವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಆ ಟ್ಯೂಬ್ ಯಾರದು ಎಂಬ ಪ್ರಶ್ನೆಯನ್ನು ಅವರು ಕೇಳಲೇ ಇಲ್ಲ. ಅದು ಅಕ್ಕನದು. ವರ್ಷವಿಡೀ ನಸುಕಿನಲ್ಲಿ ಎದ್ದು ತರಬೇತಿ ಮಾಡಿದವರು ಅವರು, ನೀರಿಲ್ಲದೆ ಸೈಕಲ್ ತುಳಿದವರೂ ಅವರೇ. ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದ ಎಂಬ ಗಾದೆ ಇಂಥ ಸಂದರ್ಭಕ್ಕೇ ಹುಟ್ಟಿದ್ದು. ಸ್ಪರ್ಧಿ ತಾನೇ ನಿಂತು ತನ್ನ ಟ್ಯೂಬನ್ನು ಎದುರಾಳಿಗೆ ಕೊಟ್ಟರೆ ಅದು ಔದಾರ್ಯ. ಅವರನ್ನು ಕೇಳದೆ ಅವರ ಸಹಾಯಕರು ಕೊಟ್ಟರೆ ಅದಕ್ಕೆ ಔದಾರ್ಯವೆಂಬ ಹೆಸರು ಸಲ್ಲುವುದಿಲ್ಲ. ನಿಮ್ಮ ಭಾವನವರ ನೋವಿನಲ್ಲಿ ನ್ಯಾಯವಿದೆ. ಇದನ್ನು ನಿಷ್ಠುರವಾಗಿ ಹೇಳುತ್ತಿರುವುದಕ್ಕೆ ಕ್ಷಮಿಸಿ, ಆದರೆ ನೀವು ಕೇಳಿದ್ದರಿಂದ ಮುಚ್ಚಿಡಲಾರೆ.

ಉತ್ತರ: ಗೆರೆಯ ಬಳಿ ನಿಂತವನು

ನಾನು ಹಲವು ವರ್ಷ ತಾಂತ್ರಿಕ ಅಧಿಕಾರಿಯಾಗಿ ಕೆಲಸ ಮಾಡಿದ್ದೇನೆ. "ಯಾರದು" ಎಂಬ ಈ ಪ್ರಶ್ನೆಯೇ ನಿಯಮಗಳ ಒಳಗೂ ಕುಳಿತಿದೆ ಎಂಬುದನ್ನು ವಿವರಿಸಲು ಬರೆಯುತ್ತಿದ್ದೇನೆ.

ಸಾಮಾನ್ಯ ಟ್ರಯಥ್ಲಾನ್‌ಗಳಲ್ಲಿ ಹೊರಗಿನವರಿಂದ ನೆರವು ಪಡೆಯುವುದೇ ನಿಷಿದ್ಧ. ಸ್ವಂತ ಸಹಾಯಕ ತಂಡ ಇರುವ ಸ್ಪರ್ಧೆಗಳು ತಮ್ಮದೇ ನಿಯಮಪುಸ್ತಕದಿಂದ ನಡೆಯುತ್ತವೆ. ಆದರೆ ಸ್ಪರ್ಧಿಗಳು ತಮ್ಮತಮ್ಮಲ್ಲಿ ನೆರವಾಗುವುದಕ್ಕೆ ವಿಶ್ವ ಸಂಸ್ಥೆಯಾದ ವರ್ಲ್ಡ್ ಟ್ರಯಥ್ಲಾನ್‌ನ ನಿಯಮಗಳು ಬಾಗಿಲು ಮುಚ್ಚಿಲ್ಲ. ಪಂಪ್, ಟ್ಯೂಬ್, ಪಂಕ್ಚರ್ ಸಾಮಗ್ರಿ, ಪಾನೀಯ ಇವುಗಳನ್ನು ಒಬ್ಬರು ಇನ್ನೊಬ್ಬರಿಗೆ ಕೊಡಬಹುದು. ಸೈಕಲ್, ಚಕ್ರ, ಹೆಲ್ಮೆಟ್‌ನಂತಹ, ಕೊಟ್ಟರೆ ಕೊಟ್ಟವರ ಸ್ಪರ್ಧೆಯೇ ನಿಂತುಹೋಗುವ ವಸ್ತುಗಳನ್ನು ಮಾತ್ರ ಕೊಡುವಂತಿಲ್ಲ. ಕೊಟ್ಟರೆ ಇಬ್ಬರೂ ಅನರ್ಹರು. ಎದುರಾಳಿಗಾಗಿ ತನ್ನ ಸಮಯವನ್ನು ಕಳೆದುಕೊಳ್ಳಬಹುದು, ತನ್ನ ಸ್ಪರ್ಧೆಯನ್ನೇ ಕೊಟ್ಟುಬಿಡುವಂತಿಲ್ಲ ಎಂಬ ಈ ವಿವೇಚನೆ ನನಗೆ ಬಹಳ ಇಷ್ಟ.

2016ರ ಸೆಪ್ಟೆಂಬರಿನಲ್ಲಿ ಮೆಕ್ಸಿಕೋದ ಕೊಝುಮೆಲ್‌ನ ಟ್ರಯಥ್ಲಾನ್‌ನಲ್ಲಿ ನಡೆದದ್ದು ಅನೇಕರಿಗೆ ನೆನಪಿರಬಹುದು. ಗೆಲುವಿಗೆ ಕೆಲವು ನೂರು ಮೀಟರ್ ಉಳಿದಿರುವಾಗ, ಮುಂದಿದ್ದ ಬ್ರಿಟನ್ನಿನ ಜಾನಿ ಬ್ರೌನ್‌ಲೀ ಸೆಖೆಗೆ ತತ್ತರಿಸಿ ನಿಂತರು. ಹಿಂದಿನಿಂದ ಬಂದ ಅಣ್ಣ ಅಲಿಸ್ಟರ್, ತಮ್ಮನ ತೋಳನ್ನು ಹೆಗಲ ಮೇಲೆ ಹಾಕಿಕೊಂಡು ಮುಕ್ತಾಯದ ಗೆರೆಯವರೆಗೆ ಕರೆತಂದು, ಅವರನ್ನೇ ಮುಂದೆ ತಳ್ಳಿ ತಾವು ಮೂರನೆಯವರಾದರು. ದಕ್ಷಿಣ ಆಫ್ರಿಕಾದ ಹೆನ್ರಿ ಸ್ಕೂಮನ್ ಗೆದ್ದರು. ಅಂದು ಇದಕ್ಕೆ ತಡೆಯಿರಲಿಲ್ಲ. ಆಮೇಲೆ ನಿಯಮ ಬಿಗಿಯಾಯಿತು: ಇನ್ನೊಬ್ಬರನ್ನು ದೈಹಿಕವಾಗಿ ಮುಂದೆ ಸಾಗಿಸಿದರೆ ಇಬ್ಬರೂ ಹೊರಗೆ. 2019ರ ಆಗಸ್ಟಿನಲ್ಲಿ ಟೋಕಿಯೋದಲ್ಲಿ ಮೊದಲ ಇಬ್ಬರು, ಬ್ರಿಟನ್ನಿನ ಜೆಸಿಕಾ ಲರ್ಮಂತ್ ಮತ್ತು ಜಾರ್ಜಿಯಾ ಟೇಲರ್-ಬ್ರೌನ್, ಕೈ ಕೈ ಹಿಡಿದು ಬೇಕೆಂದೇ ಒಟ್ಟಿಗೆ ಗೆರೆ ದಾಟಿದ್ದಕ್ಕೆ ಇಬ್ಬರನ್ನೂ ಅನರ್ಹಗೊಳಿಸಿ ಫ್ಲೋರಾ ಡಫಿ ಅವರನ್ನು ವಿಜೇತರೆಂದು ಸಾರಲಾಯಿತು. ಆ ತೀರ್ಪು ಅನೇಕರಿಗೆ ಕಟುವೆನಿಸಿತು. ನನಗೆ ಮಾತ್ರ ಅದು ಸರಿಯೆಂದೇ ತೋರಿತು, ಏಕೆಂದರೆ ಹಿಂದೆ ಓಡುತ್ತಿರುವ ಉಳಿದೆಲ್ಲರಿಗೂ ಸಲ್ಲಬೇಕಾದ ಫಲಿತಾಂಶವನ್ನು ಇಬ್ಬರು ಮಾತಾಡಿಕೊಂಡು ತೀರ್ಮಾನಿಸುವಂತಿಲ್ಲ.

ಇದಕ್ಕೆ ಎದುರಾಗಿ, 2020ರ ಸೆಪ್ಟೆಂಬರಿನಲ್ಲಿ ಸ್ಪೇನಿನ ಸಾಂತಾಂದೇರ್‌ನಲ್ಲಿ ಜೇಮ್ಸ್ ಟೀಗಲ್ ಗೆರೆಯ ಹತ್ತಿರ ದಾರಿ ತಪ್ಪಿದಾಗ, ಅವರನ್ನು ದಾಟಿದ ಡಿಯಾಗೊ ಮೆಂತ್ರಿಡಾ ಗೆರೆಯ ಮುಂದೆ ನಿಂತು ಕಾದು, ಮೂರನೆಯ ಸ್ಥಾನವನ್ನು ಅವರಿಗೇ ಬಿಟ್ಟುಕೊಟ್ಟರು. ಅವರು ಯಾರನ್ನೂ ಹೊತ್ತು ತರಲಿಲ್ಲ. ತಮ್ಮ ಕೈಯಲ್ಲಿದ್ದ ಸ್ಥಾನವನ್ನು ತಾವೇ ಕೊಟ್ಟರು.

ಸಹಾಯಕರ ಕೈಯಲ್ಲಿರುವುದು ಸ್ಪರ್ಧಿಯದು ಎಂದು ಪೆಡಲ್ ಅವರು ಹೇಳಿದ್ದು ಹಾಗಾಗಿ ನಿಜ. ಆದರೆ ಅದಕ್ಕೆ ಪರಿಹಾರ ಕೊಡದಿರುವುದಲ್ಲ, ಸ್ಪರ್ಧಿಯನ್ನು ಮೊದಲೇ ಕೇಳಿಟ್ಟುಕೊಳ್ಳುವುದು. ಜೊತೆಗೆ, ಬೇರೆಯವರ ಸಹಾಯಕರು ಎಷ್ಟರವರೆಗೆ ಕೈಹಾಕಬಹುದು ಎಂಬುದನ್ನು ಸ್ಪರ್ಧೆಗೆ ಮುನ್ನ ನಡೆಯುವ ಸಭೆಯಲ್ಲಿ ಎದ್ದು ನಿಂತು ಕೇಳಿ. ಮುಗಿದ ಮೇಲೆ ಕೇಳುವುದು ಅಪಾಯ. ನಿಮ್ಮ ಒಳ್ಳೆಯತನ ನೀವು ನೆರವಾದವರನ್ನೇ ಅನರ್ಹಗೊಳಿಸಬಹುದಿತ್ತು.

ಉತ್ತರ: ಮೂರು ದಿನದ ಸಂಗಡಿಗ

ನಾನೆಂದೂ ಸ್ಪರ್ಧಿಸಿದವನಲ್ಲ, ಹನ್ನೆರಡು ವರ್ಷಗಳಿಂದ ಸಹಾಯಕನಷ್ಟೇ. ತಂಗಿಯಂತೆ ಭಾವಿಸಿ ನಿಮಗೆ ಬರೆಯುತ್ತಿದ್ದೇನೆ.

ಹವಾಯಿಯಲ್ಲಿ 1983ರಿಂದ ನಡೆಯುತ್ತಿರುವ ಅಲ್ಟ್ರಾಮ್ಯಾನ್ ಮಾದರಿಯ ಸ್ಪರ್ಧೆಗಳು ಮೂರು ದಿನದವು: ಮೊದಲ ದಿನ 10 ಕಿಲೋಮೀಟರ್ ಈಜು ಮತ್ತು 145 ಕಿಲೋಮೀಟರ್ ಸೈಕಲ್, ಎರಡನೆಯ ದಿನ 276 ಕಿಲೋಮೀಟರ್ ಸೈಕಲ್, ಮೂರನೆಯ ದಿನ 84 ಕಿಲೋಮೀಟರಿಗೂ ಮಿಕ್ಕಿದ ಓಟ. ಅಲ್ಲಿ ಸಹಾಯಕರಿಲ್ಲದೆ ಹೊರಡಲು ಬಿಡುವುದೇ ಇಲ್ಲ. ಪ್ರತಿ ಸಂಜೆ ಎಲ್ಲ ತಂಡಗಳೂ ಒಂದೇ ಕಡೆ ಸೇರುತ್ತವೆ, ಮರುದಿನ ಒಂದೇ ಗೆರೆಯಿಂದ ಹೊರಡುತ್ತವೆ. ಎರಡನೆಯ ರಾತ್ರಿಯ ಹೊತ್ತಿಗೆ ಯಾರ ಮೊಣಕಾಲು ಊದಿದೆ, ಯಾರ ಹೊಟ್ಟೆ ಏನನ್ನೂ ಹಿಡಿಯುತ್ತಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಹಾಗೆ ಗೊತ್ತಿದ್ದ ಮೇಲೆ ರಸ್ತೆಯ ಅಂಚಿನಲ್ಲಿ ನಿಂತವರನ್ನು ಎದುರಾಳಿ ಎಂದು ಮಾತ್ರ ನೋಡಲು ಕಣ್ಣು ಒಪ್ಪುವುದಿಲ್ಲ. ನಾರ್ವೆಯ ನಾರ್ಸ್‌ಮನ್ ಸ್ಪರ್ಧೆ ಒಂದೇ ದಿನದ್ದಾದರೂ, ಕೊನೆಯ ಪರ್ವತದ ಏರಿನಲ್ಲಿ ಸಹಾಯಕರು ಬೆನ್ನಿಗೆ ಚೀಲ ಹಾಕಿಕೊಂಡು ಸ್ಪರ್ಧಿಯ ಜೊತೆಯಲ್ಲೇ ಹತ್ತಬೇಕು. ಅಲ್ಲಿ ಸಹಾಯಕರೂ ದಣಿದಿರುತ್ತಾರೆ, ಅವರಿಗೂ ಬೇರೆ ತಂಡದವರು ನೀರು ಕೊಡುತ್ತಾರೆ.

ನಿಧಾನ ಓಟಗಾರರು ಹೇಳಿದ ಒಂದು ನಿಮಿಷದ ಲೆಕ್ಕ ಪಂಕ್ಚರಿಗೆ ಸರಿ. ವ್ಯಕ್ತಿಗೇ ತೊಂದರೆಯಾಗಿದ್ದರೆ ಅದು ಸಲ್ಲದು. ಕೈ ನಡುಗುತ್ತಿತ್ತು ಎಂದು ನೀವು ಬರೆದದ್ದನ್ನು ಯಾರೂ ಗಂಭೀರವಾಗಿ ಗಮನಿಸಲಿಲ್ಲವಲ್ಲ ಎಂದು ನನಗೆ ವ್ಯಥೆಯಾಯಿತು. ನಡುಗುವ ಕೈ, ತೊದಲುವ ಮಾತು, ಹೆಸರು ಕೇಳಿದರೆ ತಡವಾಗಿ ಬರುವ ಉತ್ತರ ಇವು ಬರೀ ದಣಿವಿನಿಂದಲೇ ಬಂದವೆಂದು ದಾಟಿಹೋಗುವಂತಿಲ್ಲ. ಗಂಟೆಗಟ್ಟಲೆ ಬೆವರು ಸುರಿಸಿ ಬರಿಯ ನೀರನ್ನೇ ಅತಿಯಾಗಿ ಕುಡಿದವರ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಕಾಣಿಸಿಕೊಳ್ಳುತ್ತದೆ. ನೋಡುವವರಿಗೆ ಅದು ನೀರಿನ ಕೊರತೆಯಂತೆಯೇ ತೋರುತ್ತದೆ. ಇನ್ನಷ್ಟು ನೀರು ಕುಡಿಸಿದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಬಾಟಲಿ ಚಾಚುವ ಮೊದಲು ಈವರೆಗೆ ಏನೇನು ಕುಡಿದಿರಿ ಎಂದು ಕೇಳಿ. ಉತ್ತರ ಸರಿಬಾರದಿದ್ದರೆ ಅವರನ್ನು ಒಬ್ಬರನ್ನೇ ಬಿಟ್ಟು ಹೋಗಬೇಡಿ. ವೈದ್ಯಕೀಯ ತಂಡ ಬರುವವರೆಗೆ ಅಲ್ಲಿಯೇ ಇರಿ, ನಿಮ್ಮ ಸ್ಪರ್ಧಿಯ ಸ್ಥಾನ ಏನೇ ಆಗಲಿ. ಇದರಲ್ಲಿ ನಾನು ಯಾರೊಂದಿಗೂ ರಾಜಿಯಾಗಲಾರೆ.

ಉಳಿದ ದಿನಗಳಿಗೆ ನಾವು ಪಾಲಿಸುವ ಒಂದು ಪದ್ಧತಿಯಿದೆ. ಸ್ಪರ್ಧೆಯ ಹಿಂದಿನ ಸಂಜೆ ಅಕ್ಕಪಕ್ಕದ ಸಂಖ್ಯೆಯ ಎರಡು ಮೂರು ತಂಡಗಳು ಸೇರಿ ಮಾತಾಡಿಕೊಳ್ಳುತ್ತೇವೆ. ನಮ್ಮ ಕಾರು ನಿಂತರೆ ನಮ್ಮ ಸ್ಪರ್ಧಿಗೆ ಮುಂದಿನ ತಂಡ ಬಾಟಲಿ ಕೊಡುತ್ತದೆ, ಅವರದು ನಿಂತರೆ ನಾವು. ಸಿಗ್ನಲ್ ಇಲ್ಲದ ಕಡೆ, ದಾಟಿಹೋಗುವ ಯಾವುದೇ ಕಾರಿನವರಿಗೆ ಹೇಳಿಕಳಿಸಿದರೂ ಸುದ್ದಿ ತಲುಪುತ್ತದೆ. ಅಂದು ನಿಮ್ಮ ಅಕ್ಕನಿಗೆ ನೀರು ಕೊಟ್ಟ ತಂಡ ಯಾವ ಮಾತುಕತೆಯೂ ಇಲ್ಲದೆ ಇದನ್ನೇ ಮಾಡಿತು. ಇನ್ನೊಂದು ಸಣ್ಣ ಸಂಗತಿ: ಟ್ಯೂಬಿನ ವಾಲ್ವ್ ಉದ್ದವನ್ನು ನೋಡಿಕೊಂಡು ಕೊಡಿ. ರಿಮ್ ಆಳವಾಗಿದ್ದರೆ ಗಿಡ್ಡ ವಾಲ್ವ್ ಹೊರಗೆ ಬರುವುದೇ ಇಲ್ಲ, ಕೊಟ್ಟದ್ದು ವ್ಯರ್ಥವಾಗುತ್ತದೆ. ನಾನು ಉದ್ದ ವಾಲ್ವಿನದನ್ನೇ ಇಟ್ಟುಕೊಳ್ಳುತ್ತೇನೆ, ಅದು ಎರಡು ಬಗೆಯ ರಿಮ್‌ಗಳಿಗೂ ಆಗುತ್ತದೆ.

ಮರುಬರಹ: ಕಾರಿನಲ್ಲಿದ್ದವಳು

ಉತ್ತರಿಸಿದ ಎಲ್ಲರಿಗೂ ನನ್ನ ಕೃತಜ್ಞತೆಗಳು. ಪೆಡಲ್ ಅವರೇ, ನಿಮ್ಮ ಮಾತು ನೋವುಂಟುಮಾಡಿದರೂ ಅದನ್ನೇ ಹಿಡಿದುಕೊಂಡು ನಿನ್ನೆ ಅಕ್ಕನನ್ನೂ ಭಾವನನ್ನೂ ಕೂರಿಸಿಕೊಂಡು ಕೇಳಿದೆ. ಕೊಡುವುದಕ್ಕೆಂದೇ ಬೇರೆ ಚೀಲವೊಂದು ಇರಲಿ, ಅದರಲ್ಲಿರುವುದನ್ನು ಕೇಳದೆ ಕೊಡು, ನನ್ನ ಚೀಲವನ್ನು ಮಾತ್ರ ಮುಟ್ಟಬೇಡ ಎಂದು ಅಕ್ಕ ಹೇಳಿದಳು. ಯಾರಿಗಾದರೂ ಮೈ ಸರಿಯಿಲ್ಲದಿದ್ದರೆ ಚೀಲದ ಲೆಕ್ಕವೇ ಬೇಡ, ನಿಲ್ಲು ಎಂದೂ ಹೇಳಿದಳು. ಬಾಟಲಿ ಕೊಟ್ಟ ಆ ತಂಡದವರ ಸಂಖ್ಯೆ ಅವಳಿಗೆ ನೆನಪಿತ್ತು; ಅವರು ಈ ವರ್ಷವೂ ಬರುತ್ತಿದ್ದಾರೆ, ಹಿಂದಿನ ಸಂಜೆ ಅವರೊಂದಿಗೇ ಮಾತಾಡಿಕೊಳ್ಳುತ್ತೇವೆ. ಭಾವ ಹೆಚ್ಚೇನೂ ಹೇಳಲಿಲ್ಲ. ಇಂದು ಬೆಳಿಗ್ಗೆ ನೋಡಿದರೆ ಆ ಬೇರೆ ಚೀಲದಲ್ಲಿ ಉದ್ದ ವಾಲ್ವಿನ ಎರಡು ಟ್ಯೂಬ್‌ಗಳೂ ಒಂದು ಪಂಪೂ ಇದ್ದವು.