‘ಗೇಮ್ ಕೂರಿಸು’ ಅನ್ನಬಹುದಾ? ಇನ್‌ಸ್ಟಾಲ್ ಪದದ ಬಗ್ಗೆ

ಎಲ್ಲರಿಗೂ ನಮಸ್ಕಾರ. ಕಂಪ್ಯೂಟರಿನಲ್ಲಿ ಗೇಮ್ ‘ಇನ್‌ಸ್ಟಾಲ್’ ಮಾಡುವುದಕ್ಕೆ ಕನ್ನಡದಲ್ಲಿ ಏನನ್ನಬೇಕು ಅಂತ ಕೇಳಬೇಕು. ಬರಹ ಸ್ವಲ್ಪ ಉದ್ದ ಆಗುತ್ತದೆ, ಯಾಕಂದ್ರೆ ವಿಷಯ ಏನು ಅಂತ ಬಿಡಿಸಿ ಹೇಳದಿದ್ದರೆ ‘ಸ್ಥಾಪಿಸು ಅಂತ ಇದೆಯಲ್ಲ’ ಅಂದು ಮುಗಿಸಿಬಿಡುತ್ತೀರಿ.

ನಾನಿರುವುದು ಮೈಸೂರಿನಲ್ಲಿ. ಅಕ್ಕನ ಮನೆ ಪಾಂಡವಪುರದ ಹತ್ತಿರ ಒಂದು ಹಳ್ಳಿ. ಅಕ್ಕನ ಮಗ ಒಂಬತ್ತನೇ ಕ್ಲಾಸು, ಕನ್ನಡ ಮೀಡಿಯಂ, ಫುಟ್‌ಬಾಲ್ ಅಂದ್ರೆ ಪ್ರಾಣ. ನನ್ನ ಹಳೇ ಲ್ಯಾಪ್‌ಟಾಪ್ ಈಗ ಅವನ ಹತ್ತಿರ ಇದೆ. ಹೊಸ ಗೇಮ್ ಯಾವುದೂ ಅದರಲ್ಲಿ ಓಡುವುದಿಲ್ಲ. ಅದಕ್ಕೇ ನಾನು ಕಾಲೇಜಿನ ದಿನಗಳಲ್ಲಿ ರಾತ್ರಿಯೆಲ್ಲ ಆಡುತ್ತಿದ್ದ ‘ಚಾಂಪಿಯನ್‌ಶಿಪ್ ಮ್ಯಾನೇಜರ್ 01/02’ ಅವನಿಗೆ ಕೊಡೋಣ ಅಂತ ಹೊರಟೆ. 2001ರಲ್ಲಿ ಬಂದ ಗೇಮ್ ಅದು. ಮಾಡಿದವರು ಇಂಗ್ಲೆಂಡಿನ ಸ್ಪೋರ್ಟ್ಸ್ ಇಂಟರಾಕ್ಟಿವ್, ಹೊರತಂದವರು ಐಡಾಸ್. ಕೆಲವು ವರ್ಷದ ನಂತರ ಐಡಾಸ್‌ನವರೇ ಅದನ್ನು ಪುಕ್ಕಟೆಯಾಗಿ ಬಿಟ್ಟರು. ಚೆಂಡು ಒದೆಯುವ ಗೇಮ್ ಅಲ್ಲ ಇದು. ಒಂದು ಕ್ಲಬ್ ಆರಿಸಿಕೊಂಡು ಅದನ್ನು ನಡೆಸಬೇಕು: ಆಟಗಾರರನ್ನು ಕೊಳ್ಳಬೇಕು, ಮಾರಬೇಕು, ಸಂಬಳ ಮಾತಾಡಬೇಕು, ಹನ್ನೊಂದು ಜನರನ್ನು ಆರಿಸಿ ಇಳಿಸಬೇಕು. ಮ್ಯಾಚ್ ನಡೆಯುವಾಗ ಪರದೆಯ ಮೇಲೆ ಚಿತ್ರವೇ ಇರುವುದಿಲ್ಲ, ಬರೀ ಒಂದೊಂದು ಸಾಲು ಕಾಮೆಂಟರಿ ಬರುತ್ತದೆ. ಅಷ್ಟಕ್ಕೇ ಎದೆ ಬಡಿದುಕೊಳ್ಳುತ್ತದೆ. ರೇಡಿಯೋದಲ್ಲಿ ಕ್ರಿಕೆಟ್ ಕೇಳಿದವರಿಗೆ ಇದು ಅರ್ಥ ಆಗುತ್ತೆ.

ಪೆನ್‌ಡ್ರೈವ್‌ನಲ್ಲಿ ಸಿಡಿಯ ಫೈಲುಗಳನ್ನೆಲ್ಲ ಹಾಕಿ ಕಳಿಸಿದೆ. ಫೋನಿನಲ್ಲಿ ‘ಮೊದಲು ಗೇಮ್ ಹಾಕ್ಕೊ, ಆಮೇಲೆ ಫೋನ್ ಮಾಡು’ ಅಂದೆ. ಅರ್ಧ ಗಂಟೆ ಬಿಟ್ಟು ಫೋನ್ ಬಂತು. ‘ಹಾಕಿದೀನಿ ಮಾವ, ಓಪನ್ನೇ ಆಗ್ತಿಲ್ಲ.’ ಏನು ಮಾಡಿದೆ ಅಂತ ಕೇಳಿದರೆ, ಪೆನ್‌ಡ್ರೈವ್‌ನಲ್ಲಿದ್ದದ್ದನ್ನೆಲ್ಲ ಕಾಪಿ ಮಾಡಿ ಡೆಸ್ಕ್‌ಟಾಪ್‌ಗೆ ‘ಹಾಕಿಕೊಂಡಿದ್ದ’. ಅವನದೇನೂ ತಪ್ಪಿಲ್ಲ. ನಾನು ಹೇಳಿದ್ದನ್ನೇ ಮಾಡಿದ್ದಾನೆ. ಪೆನ್‌ಡ್ರೈವ್‌ಗೆ ಫೈಲ್ ಹಾಕುತ್ತೇವೆ, ಡ್ರೈವ್‌ಗೆ ಸಿಡಿ ಹಾಕುತ್ತೇವೆ, ಮೊಬೈಲಿಗೆ ಹಾಡು ಹಾಕುತ್ತೇವೆ, ಸ್ವಿಚ್ ಕೂಡ ಹಾಕುತ್ತೇವೆ. ‘ಹಾಕು’ ಎಲ್ಲದಕ್ಕೂ ಆಗುತ್ತದೆ, ಅದಕ್ಕೇ ಇಲ್ಲಿ ಕೆಲಸಕ್ಕೆ ಬರಲಿಲ್ಲ.

ಸರಿ, ಬರೆದೇ ಕೊಡೋಣ ಅಂತ ಕೂತೆ. ‘ಸ್ಥಾಪಿಸಿ’ ಅಂತ ಬರೆದೆ, ಹೊಡೆದುಹಾಕಿದೆ. ನಮ್ಮ ಕಡೆ ಸ್ಥಾಪನೆ ಅಂದ್ರೆ ಸಂಘದ್ದು, ಶಾಲೆಯದು, ಪ್ರತಿಮೆಯದು. ‘ಅನುಸ್ಥಾಪಿಸಿ’ ಅಂತ ಕೆಲವು ಕನ್ನಡ ತಂತ್ರಾಂಶಗಳಲ್ಲಿ ನೋಡಿದ್ದೇನೆ. ಆ ಹುಡುಗನ ಬಾಯಲ್ಲಿ ಅದು ಯಾವತ್ತೂ ಬರುವುದಿಲ್ಲ.

ಹೋದ ತಿಂಗಳು ಅಕ್ಕನ ಮನೆಗೆ ಹೋದಾಗ ಬಾವಿಯ ಹತ್ತಿರ ಮೋಟಾರ್ ರಿಪೇರಿ ಮಾಡಿ ಮತ್ತೆ ಜೋಡಿಸುತ್ತಿದ್ದರು. ಸಿಮೆಂಟಿನ ಕಟ್ಟೆ ಮೇಲೆ ಮೋಟಾರ್ ತಂದು ಇಟ್ಟಾಗ ಅಕ್ಕ ‘ಕೂರ್ಸಿದ್ದಾಯ್ತಾ?’ ಅಂದಳು. ಮೆಕ್ಯಾನಿಕ್ ‘ಎಲ್ಲಕ್ಕಾ, ಈಗಿನ್ನೂ ಇಟ್ಟಿದೀನಿ’ ಅಂದ. ಆಮೇಲೆ ನಾಲ್ಕು ಬೋಲ್ಟ್ ಬಿಗಿ ಮಾಡಿದ, ಪೈಪಿನ ಬಾಯಿಗೆ ರಬ್ಬರ್ ಇಟ್ಟು ಜೋಡಿಸಿದ, ವೈರ್ ಕೊಟ್ಟ, ಮೋಟಾರ್ ಅಲುಗಾಡಿಸಿ ನೋಡಿದ. ಅಲ್ಲಾಡಲಿಲ್ಲ. ಆಗ ‘ಹ್ಞೂಂ, ಕೂತ್ಕೊಂತು, ಈಗ ಸ್ವಿಚ್ ಹಾಕಿ’ ಅಂದ.

ನನಗೆ ಬೇಕಾದ ಮಾತು ಅದೇ ಅಲ್ವಾ! ಇಡುವುದು ಬೇರೆ, ಕೂರಿಸುವುದು ಬೇರೆ. ಗೇಮಿನ ಜೊತೆ ಬರುವ ‘ಸೆಟಪ್’ ಅನ್ನೋ ಪ್ರೋಗ್ರಾಮ್ ಮಾಡುವುದೂ ಇದನ್ನೇ. ಬರೀ ಫೈಲುಗಳನ್ನು ಕಾಪಿ ಮಾಡುವುದಲ್ಲ. ಒತ್ತಿ ತುಂಬಿದ್ದನ್ನು ಬಿಚ್ಚುತ್ತದೆ, ಯಾವುದು ಎಲ್ಲಿರಬೇಕೋ ಅಲ್ಲಿ ಇಡುತ್ತದೆ, ಈ ಗೇಮ್ ಇಲ್ಲಿದೆ ಅಂತ ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ, ಅಂದ್ರೆ ಅದರ ದಾಖಲೆ ಪುಸ್ತಕದಲ್ಲಿ, ಬರೆಸುತ್ತದೆ. ಮೋಟಾರ್‌ಗೆ ಪೈಪು, ವೈರು ಕೊಟ್ಟ ಹಾಗೆ.

ಹುಡುಕುತ್ತಾ ಹೋದರೆ ಈ ಮಾತು ನಮ್ಮಲ್ಲಿ ಎಲ್ಲಾ ಕಡೆ ಇದೆ. ದಸರಾದಲ್ಲಿ ಗೊಂಬೆ ಕೂರಿಸುತ್ತೇವೆ, ಗಣೇಶನನ್ನು ಕೂರಿಸುತ್ತೇವೆ, ಬಡಗಿ ಬಾಗಿಲು ಕೂರಿಸುತ್ತಾನೆ. ಇನ್ನೊಂದು ಅನುಕೂಲ ಏನಂದ್ರೆ ಇದಕ್ಕೆ ‘ಕೂರು’ ಅನ್ನೋ ಜೊತೆಯೂ ಇದೆ. ‘ಬಾಗಿಲು ಸರಿಯಾಗಿ ಕೂತಿಲ್ಲ’, ‘ರವಿಕೆ ಭುಜದ ಮೇಲೆ ಚೆನ್ನಾಗಿ ಕೂತಿದೆ’ ಅನ್ನುತ್ತೇವಲ್ಲ, ಹಾಗೇ ಅರ್ಧಕ್ಕೆ ನಿಂತರೆ ‘ಗೇಮ್ ಕೂತಿಲ್ಲ’ ಅನ್ನಬಹುದು. ‘ಅನುಸ್ಥಾಪನೆ ವಿಫಲವಾಗಿದೆ’ ಅನ್ನುವುದಕ್ಕಿಂತ ಎಷ್ಟು ಹಗುರ ನೋಡಿ. ಅನ್‌ಇನ್‌ಸ್ಟಾಲ್‌ಗೆ ‘ಎತ್ತು’ ಸಾಕಾ? ದಸರಾ ಮುಗಿದ ಮೇಲೆ ಗೊಂಬೆ ಎತ್ತಿಡುತ್ತೇವೆ. ಆದರೆ ‘ಎತ್ತಿಡು’ ಅಂದಾಗ ಮುಂದಿನ ವರ್ಷಕ್ಕೆ ಜೋಪಾನ ಮಾಡುವ ಅರ್ಥವೂ ಸೇರಿಕೊಳ್ಳುತ್ತದೆ. ಹಾಗಾಗಿ ‘ತೆಗೆದುಹಾಕು’ ಅಂತಲೇ ಇರಲಿ ಅನಿಸುತ್ತಿದೆ, ಇದರಲ್ಲಿ ನನಗೆ ಗಟ್ಟಿ ನಿಲುವಿಲ್ಲ.

ಸದ್ಯಕ್ಕೆ ಅವನಿಗೆ ಬರೆದಿಟ್ಟಿರುವುದು ಹೀಗಿದೆ:

‘ಗೇಮ್ ಇಳಿಸಿಕೊ. ಬಂದ ಐಎಸ್‌ಒ ಫೈಲ್ (ಇಡೀ ಸಿಡಿಯ ನಕಲು ಇರುವ ಒಂದೇ ಫೈಲ್) ಮೇಲೆ ಎರಡು ಸಲ ಒತ್ತು, ಸಿಡಿ ಹಾಕಿದ ಹಾಗೆ ಒಂದು ಹೊಸ ಡ್ರೈವ್ ಕಾಣುತ್ತೆ. ಅದರೊಳಗಿನ ಸೆಟಪ್ ಒತ್ತಿ ಗೇಮ್ ಕೂರಿಸು. ಪ್ರೋಗ್ರಾಮ್ ಫೈಲ್ಸ್ ಒಳಗೆ ಕೂರಿಸಬೇಡ, ಸಿ ಡ್ರೈವ್‌ನಲ್ಲಿ ನೇರವಾಗಿ ಬೇರೆ ಫೋಲ್ಡರ್ ಮಾಡಿ ಅಲ್ಲಿ ಕೂರಿಸು.’

ಈ ಕೊನೇ ಮಾತು ಮುಖ್ಯ. ವಿಸ್ಟಾ ಅನ್ನೋ ಆವೃತ್ತಿಯಿಂದ ಈಚೆಗೆ ವಿಂಡೋಸ್, ಪ್ರೋಗ್ರಾಮ್ ಫೈಲ್ಸ್ ಒಳಗೆ ಗೇಮ್‌ಗಳು ತಮ್ಮಷ್ಟಕ್ಕೆ ಬರೆಯಲು ಬಿಡುವುದಿಲ್ಲ. ಈ ಹಳೇ ಗೇಮ್‌ಗೆ ಅದು ಗೊತ್ತಿಲ್ಲ, ಅಲ್ಲೇ ಬರೆಯಲು ಹೋಗುತ್ತದೆ. ಉಳಿಸಿದ ಆಟ ಆಮೇಲೆ ಸಿಗದೆ ಹೋದರೆ ಮಗು ಅತ್ತುಬಿಡುತ್ತದೆ. (ಐಎಸ್‌ಒ ಹೀಗೆ ಒತ್ತಿದರೆ ತೆರೆಯುವುದು ವಿಂಡೋಸ್ 8 ಮತ್ತು ನಂತರದವುಗಳಲ್ಲಿ.)

ಡೌನ್‌ಲೋಡ್‌ಗೆ ಇಳಿಸು, ಕಾಪಿಗೆ ಹಾಕು, ಇನ್‌ಸ್ಟಾಲ್‌ಗೆ ಕೂರಿಸು. ಮೂರು ಕೆಲಸಕ್ಕೆ ಮೂರು ಮಾತು, ಒಂದಕ್ಕೊಂದು ಕಲಸಿಕೊಳ್ಳುವುದಿಲ್ಲ. ನನಗೆ ಇದು ತುಂಬಾ ಹಿಡಿಸಿದೆ, ಅದಕ್ಕೇ ತಪ್ಪಿದ್ದರೆ ಈಗಲೇ ತಿಳಿಯಬೇಕು ಅಂತ ಕೇಳುತ್ತಿದ್ದೇನೆ.

ಪ್ಯಾಚ್ (ಗೇಮಿನ ತಪ್ಪು ಸರಿಮಾಡಲು ಆಮೇಲೆ ಕೊಡುವ ಫೈಲು) ಅನ್ನುವುದಕ್ಕೆ ‘ತೇಪೆ’ ಬರೆದು ನೋಡಿದೆ. ಈ ಗೇಮ್‌ಗೆ ಕೊನೆಯದಾಗಿ ಬಂದ ಅಧಿಕೃತ ಪ್ಯಾಚ್ 3.9.68, ಅದನ್ನು ಹಾಕಿಯೇ ಆಡಬೇಕು. ಆದರೆ ‘ತೇಪೆ ಹಾಕು’ ಅಂದ ಕೂಡಲೇ ಹರಿದದ್ದನ್ನು ಹೇಗೋ ಮುಚ್ಚುವುದು ಅಂತ ಕಿವಿಗೆ ಬೀಳುತ್ತದೆ. ಇಲ್ಲಿ ನಿಜವಾಗಿಯೂ ಸರಿಮಾಡಿದ್ದಾರೆ. ಹಾಗಾಗಿ ಪ್ಯಾಚ್ ಅಂತಲೇ ಬಿಟ್ಟೆ.

ಮ್ಯಾನೇಜರ್‌ಗೂ ಒಂದು ಮಾತು ಹುಡುಕಿದೆ. ‘ತರಬೇತುದಾರ’ ಸಾಲದು, ಈತ ದುಡ್ಡಿನ ಲೆಕ್ಕವನ್ನೂ ನೋಡುತ್ತಾನೆ. ಲಂಡನ್ನಿನ ಮಿಲ್‌ವಾಲ್ ಕ್ಲಬ್ಬಿನ ಹುಡುಗ ಚೆರ್ನೊ ಸಾಂಬಾನನ್ನೋ, ಮಿನ್ಸ್ಕ್‌ನ ತ್ಸಿಗಾಲ್ಕೊನನ್ನೋ ಬೇರೆಯವರಿಗಿಂತ ಮೊದಲು ಹೋಗಿ ಕರೆತರುವವನೂ ಈತನೇ (ಈ ಗೇಮಿನಲ್ಲಿ ಹೆಸರಾದ ಎಳೆಯ ಆಟಗಾರರು ಇವರು, ಆಡಿದವರಿಗೆ ಈ ಎರಡು ಹೆಸರು ಸಾಕು). ‘ವ್ಯವಸ್ಥಾಪಕ’ ಅಂದ್ರೆ ಬ್ಯಾಂಕ್ ನೆನಪಾಗುತ್ತದೆ. ದೇವಸ್ಥಾನದ ‘ಪಾರುಪತ್ತೇಗಾರ’ ಅರ್ಥಕ್ಕೆ ಹತ್ತಿರ ಇದ್ದಾನೆ. ಆದರೂ ಗೇಮಿನ ಹೆಸರಲ್ಲೇ ಮ್ಯಾನೇಜರ್ ಇರುವಾಗ ಅದನ್ನು ಬದಲಿಸುವುದು ಬೇಡ ಅನಿಸಿತು.

ಈಗ ಕೇಳಬೇಕಾದದ್ದು. ಹುಬ್ಬಳ್ಳಿ ಧಾರವಾಡದ ಕಡೆಯವರು ‘ಕುಂದ್ರಿಸು’ ಅನ್ನುತ್ತೀರಲ್ಲ, ನಿಮ್ಮಲ್ಲಿ ಮೋಟಾರ್, ಬಾಗಿಲಿಗೂ ಅದೇ ಮಾತಾ, ಇಲ್ಲಾ ಅದು ಮನುಷ್ಯರಿಗೆ, ದೇವರಿಗೆ ಮಾತ್ರವಾ? ಮಂಗಳೂರಿನ ಕಡೆ ಏನನ್ನುತ್ತಾರೆ? ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸ ಮಾಡುವವರು ಯಾರಾದರೂ ಇದ್ದರೆ, ಗಿರಾಕಿಗಳು ಬಂದು ‘ವಿಂಡೋಸ್ ಕೂರಿಸಿಕೊಡಿ’ ಅಂದದ್ದನ್ನು ಕೇಳಿದ್ದೀರಾ? ನಾನು ಕೇಳಿರುವುದು ‘ಹಾಕಿಕೊಡಿ’ ಮಾತ್ರ. ಭಾನುವಾರ ಪಾಂಡವಪುರಕ್ಕೆ ಹೋಗುತ್ತಿದ್ದೇನೆ, ಆ ಹಾಳೆ ತೆಗೆದುಕೊಂಡು. ಅಷ್ಟರೊಳಗೆ ಹೇಳಿದರೆ ತಿದ್ದಿ ಬರೆಯುತ್ತೇನೆ.